ನಾಲ್ಕನೇ ತರಗತಿಯಲ್ಲಿ ವರ್ಷವಿಡೀ ಏನು ಕಲಿಸುತ್ತಾರೆ? ಸಂಕ್ರಾಂತಿಯ ನಂತರ ಶಾಲೆ ತಪ್ಪಿದರೆ ಮಗು ಏನನ್ನು ಕಳೆದುಕೊಳ್ಳುತ್ತದೆ?

ಪ್ರಶ್ನೆ: ಬೀದರಿನ ಸೋದರಮಾವ

ಎಲ್ಲರಿಗೂ ಶರಣು ಶರಣಾರ್ಥಿ. ನನ್ನ ಅಕ್ಕನ ಮಗಳು ಬೀದರ್ ತಾಲ್ಲೂಕಿನ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಈ ಜೂನ್‌ನಿಂದ ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದಾಳೆ. ನಾನು ನಗರದಲ್ಲಿ ನೌಕರಿಯಲ್ಲಿರುವುದರಿಂದ ಭಾನುವಾರ ಮಾತ್ರ ಊರಿಗೆ ಹೋಗಲು ಸಾಧ್ಯವಾಗುತ್ತದೆ. ಅಕ್ಕ ಮತ್ತು ಭಾವ ಪ್ರತಿ ವರ್ಷ ತೊಗರಿ ರಾಶಿ ಮುಗಿದ ಮೇಲೆ, ಸಂಕ್ರಾಂತಿಯ ಆಸುಪಾಸಿನಲ್ಲಿ, ಕಟ್ಟಡ ಕೆಲಸಕ್ಕಾಗಿ ಹೈದರಾಬಾದಿಗೆ ಹೋಗಿ ಯುಗಾದಿಯ ಹೊತ್ತಿಗೆ ಮರಳುತ್ತಾರೆ. ಮೂರನೇ ತರಗತಿಯವರೆಗೆ ಅವಳನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಯುವ ವ್ಯವಸ್ಥೆ ಇದ್ದುದರಿಂದ ಮರಳಿ ಬಂದಾಗ ಅವಳಿಗೆ ಹೇಳಿಕೊಳ್ಳುವಂತಹ ತೊಂದರೆಯೇನೂ ಆಗಿರಲಿಲ್ಲ.

ಈ ವರ್ಷ ಹಾಗಾಗದೇನೋ ಎಂಬ ಆತಂಕ ನನ್ನದು. ಕಳೆದ ಭಾನುವಾರ ಅವಳಿಂದ ಕನ್ನಡದ ಒಂದು ಪುಟವನ್ನು ಓದಿಸಿದೆ. ಒತ್ತಕ್ಷರಗಳಲ್ಲಿಯೂ ತಡವರಿಸದೆ ಸ್ಪಷ್ಟವಾಗಿ ಓದಿದಳು, ಆದರೆ ಓದಿದ್ದರಲ್ಲಿ ಏನಿದೆ ಎಂದು ಕೇಳಿದಾಗ ಮತ್ತೆ ಪುಸ್ತಕವನ್ನೇ ನೋಡತೊಡಗಿದಳು. 4002ರಿಂದ 1567ನ್ನು ಕಳೆಯಲು ಹೇಳಿದೆ. ಎರಡು ಸೊನ್ನೆಗಳ ಮುಂದೆ ನಿಂತುಬಿಟ್ಟಳು. ‘ಈಗ ಕಾರ್ಡು ಇಲ್ಲ ಮಾಮಾ, ಬರೀ ಪುಸ್ತಕ’ ಎಂದು ಅವಳು ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಈ ತರಗತಿಯಲ್ಲಿ ಜೂನ್‌ನಿಂದ ಏಪ್ರಿಲ್‌ವರೆಗೆ ಮಕ್ಕಳು ನಿಜವಾಗಿ ಏನನ್ನು ಕಲಿಯುತ್ತಾರೆ, ಭಾನುವಾರದ ಒಂದೆರಡು ಗಂಟೆಗಳಲ್ಲಿ ನಾನು ಯಾವುದಕ್ಕೆ ಒತ್ತು ಕೊಡಬೇಕು, ಜನವರಿಯಲ್ಲಿ ಅವಳನ್ನು ಕರೆದೊಯ್ದರೆ ಯಾವ ಕಲಿಕೆ ತಪ್ಪುತ್ತದೆ ಎಂಬುದನ್ನು ಅನುಭವವುಳ್ಳ ಶಿಕ್ಷಕರು ಮತ್ತು ಪಾಲಕರು ದಯವಿಟ್ಟು ತಿಳಿಸಬೇಕು.

ಉತ್ತರ: ಕಲಬುರಗಿ ಜಿಲ್ಲೆಯ ಶಿಕ್ಷಕಿ

ಸರ್, ನಿಮ್ಮ ಸೊಸೆ ಆಡಿದ ಆ ಒಂದು ಮಾತಿನಲ್ಲಿ ನಾಲ್ಕನೇ ತರಗತಿಯ ಮುಖ್ಯ ಕಷ್ಟವೆಲ್ಲ ಅಡಗಿದೆ. ನಾನು ಅನೇಕ ವರ್ಷಗಳಿಂದ ನಾಲ್ಕು ಮತ್ತು ಐದನೇ ತರಗತಿಗಳಿಗೆ ಪಾಠ ಮಾಡುತ್ತಿದ್ದೇನೆ, ಪ್ರತಿ ಜೂನ್‌ನಲ್ಲಿಯೂ ಇದೇ ಮಾತನ್ನು ಬೇರೆ ಬೇರೆ ಮಕ್ಕಳ ಬಾಯಲ್ಲಿ ಕೇಳುತ್ತೇನೆ.

ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ನಂತರ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅದರಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತು, ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲನ್ನು ಗುರುತಿಸಿ, ಅದಕ್ಕೆ ಹೊಂದುವ ಕಾರ್ಡನ್ನು ತಾವೇ ತೆಗೆದುಕೊಂಡು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಗೈರುಹಾಜರಾದ ಮಗು ಮರಳಿ ಬಂದಾಗ ಏಣಿ ಅದಕ್ಕಾಗಿ ಕಾದಿರುತ್ತದೆ. ನಾಲ್ಕನೇ ತರಗತಿಯಲ್ಲಿ ಏಣಿ ಇಲ್ಲ. ಇಡೀ ತರಗತಿ ಒಂದೇ ಪಾಠವನ್ನು ಒಟ್ಟಿಗೆ ಓದಿ ಮುಂದಿನ ಪಾಠಕ್ಕೆ ಹೋಗುತ್ತದೆ, ಆದ್ದರಿಂದ ಎರಡು ತಿಂಗಳು ಬಿಟ್ಟ ಮಗು ಆ ಪಾಠಗಳನ್ನೇ ಬಿಟ್ಟಂತಾಗುತ್ತದೆ. ಕಳೆದ ವರ್ಷದವರೆಗೆ ಸಾಗಿದ್ದು ಈ ವರ್ಷ ಸಾಗದು ಎಂಬ ನಿಮ್ಮ ಆತಂಕಕ್ಕೆ ಕಾರಣ ಇದೆ.

ಜೂನ್‌ನಲ್ಲಿ ಮೊದಲು ನಡೆಯುವುದು ಸೇತುಬಂಧ. ಹಿಂದಿನ ತರಗತಿಯ ಯಾವ ಸಾಮರ್ಥ್ಯ ಗಟ್ಟಿಯಾಗಿದೆ, ಯಾವುದು ಸಡಿಲವಾಗಿದೆ ಎಂಬುದನ್ನು ನೈದಾನಿಕ ಪರೀಕ್ಷೆಯಿಂದ ಅರಿತು, ಕೆಲವು ವಾರ ಅದನ್ನೇ ಕಲಿಸಿ, ಸಾಫಲ್ಯ ಪರೀಕ್ಷೆ ನಡೆಸುತ್ತೇವೆ. ಆ ಪರೀಕ್ಷೆಯಲ್ಲಿ ನಿಮ್ಮ ಸೊಸೆಗೆ ಏನು ಬಂತು, ಏನು ಬರಲಿಲ್ಲ ಎಂದು ತರಗತಿ ಶಿಕ್ಷಕರನ್ನು ಕೇಳಿರಿ. ಪಾಲಕರು ಕೇಳುವ ಹಕ್ಕಿನ ಪ್ರಶ್ನೆ ಅದು. ನಂತರ ದಸರಾ ರಜೆಯವರೆಗೆ ಪಠ್ಯಪುಸ್ತಕದ ಮೊದಲ ಭಾಗ, ರಜೆ ಮುಗಿದ ಮೇಲೆ ಎರಡನೇ ಭಾಗ. ನಡುನಡುವೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವೆ ಮಾಡುವ) ಮತ್ತು ಎರಡು ಸಂಕಲನಾತ್ಮಕ (ಅವಧಿಯ ಕೊನೆಯಲ್ಲಿ ಮಾಡುವ) ಮೌಲ್ಯಮಾಪನಗಳು ನಡೆಯುತ್ತವೆ.

ಕನ್ನಡದಲ್ಲಿ ಈ ವರ್ಷದ ಕೆಲಸ ಅಕ್ಷರ ಕಲಿಕೆಯದಲ್ಲ, ಓದಿ ತಿಳಿದುಕೊಳ್ಳುವುದರದು. ಗದ್ಯ, ಪದ್ಯಗಳ ಜೊತೆಗೆ ನಾಮಪದ, ಕ್ರಿಯಾಪದ, ಲಿಂಗ, ವಚನ, ಕಾಲಗಳ ಪರಿಚಯವಾಗುತ್ತದೆ. ಸ್ವಂತ ವಾಕ್ಯಗಳಲ್ಲಿ ಉತ್ತರ ಬರೆಯುವುದು, ಚಿಕ್ಕ ಪತ್ರ ಬರೆಯುವುದು ಇರುತ್ತದೆ. ಇಲ್ಲಿ ನಮ್ಮ ಭಾಗದ ಮಕ್ಕಳಿಗೆ ಒಂದು ವಿಶೇಷ ತೊಡಕಿದೆ. ಮನೆಯಲ್ಲಿ ‘ಹೊಂಟಾನ’, ‘ಬಂದಾನ’ ಎನ್ನುವ ಮಗು ಪುಸ್ತಕದಲ್ಲಿ ‘ಹೊರಟಿದ್ದಾನೆ’, ‘ಬಂದಿದ್ದಾನೆ’ ಎಂಬುದನ್ನು ಓದುತ್ತದೆ, ಬರೆಯುವಾಗ ಎರಡರ ನಡುವೆ ಸಿಲುಕಿ ಸುಮ್ಮನಾಗುತ್ತದೆ. ಮನೆಯ ಮಾತು ತಪ್ಪು ಎಂದು ಯಾರೂ ಆ ಮಗುವಿಗೆ ಹೇಳಬಾರದು. ಮೊದಲು ತನ್ನ ಮಾತಿನಲ್ಲಿ ಇಡೀ ಪಾಠವನ್ನು ಹೇಳಲಿ, ಬಳಿಕ ಅದನ್ನು ಪುಸ್ತಕದ ರೂಪದಲ್ಲಿ ಬರೆಯಲಿ. ನನ್ನ ತರಗತಿಯಲ್ಲಿ ಈ ಕ್ರಮದಿಂದ ಸುಮ್ಮನಿರುವ ಮಕ್ಕಳು ಮಾತನಾಡತೊಡಗಿದ್ದನ್ನು ಪ್ರತಿ ವರ್ಷ ಕಂಡಿದ್ದೇನೆ.

ಪರಿಸರ ಅಧ್ಯಯನ ಅತ್ಯಂತ ಸೊಗಸಾದ ವಿಷಯ, ಆದರೆ ಅತಿ ಹೆಚ್ಚು ಬಾಯಿಪಾಠಕ್ಕೆ ಬಲಿಯಾಗುವುದೂ ಅದೇ. ಪ್ರಾಣಿಗಳು, ಜೇನುಹುಳುಗಳ ಬದುಕು, ಕಾಡು, ನೀರು ಮತ್ತು ಅದರ ಮಾಲಿನ್ಯ, ಬೇರು, ಹೂವು, ಆಹಾರ, ವಸತಿ, ಕಸದ ವಿಲೇವಾರಿ, ನಕ್ಷೆ ಮತ್ತು ದಿಕ್ಕುಗಳು ಇದರಲ್ಲಿ ಬರುತ್ತವೆ. ತಾಯಿಬೇರು, ತಂತುಬೇರುಗಳ ವ್ಯತ್ಯಾಸವನ್ನು ಚಿತ್ರದಲ್ಲಿ ತೋರಿಸುವ ಅಗತ್ಯವೇ ನಮ್ಮಲ್ಲಿಲ್ಲ: ಹೊಲದಲ್ಲಿ ಒಂದು ತೊಗರಿ ಗಿಡವನ್ನೂ ಒಂದು ಜೋಳದ ಗಿಡವನ್ನೂ ಕಿತ್ತು ಮಗುವಿನ ಕೈಗೆ ಕೊಡಿ. ತೊಗರಿಯ ಬೇರು ನೇರವಾಗಿ ಆಳಕ್ಕೆ ಇಳಿದಿರುತ್ತದೆ, ಜೋಳದ ಬೇರು ಕೂದಲಿನಂತೆ ಹರಡಿರುತ್ತದೆ. ಮಳೆ ಕೈಕೊಟ್ಟರೂ ತೊಗರಿ ಏಕೆ ತಡೆದುಕೊಳ್ಳುತ್ತದೆ ಎಂದು ಆಗ ಕೇಳಿ ನೋಡಿ, ಉತ್ತರ ಮಗುವಿನಿಂದಲೇ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ನೀವೆಲ್ಲ ಹೇಗೂ ಹೊಲಕ್ಕೆ ಹೋಗುತ್ತೀರಿ. ಭಜ್ಜಿ, ಸಜ್ಜೆ ರೊಟ್ಟಿಯ ಊಟವಾದ ಮೇಲೆ ಅರ್ಧ ಗಂಟೆ ಇದಕ್ಕೆ ಕೊಡಿ. ನೀರಿನ ಪಾಠ ನಡೆಯುವ ದಿನಗಳಲ್ಲಿ ಅವಳನ್ನು ಬೀದರಿನ ನೌಬಾದ್‌ಗೆ ಕರೆತಂದು ಬಹಮನಿ ಕಾಲದ ಸುರಂಗ ಬಾವಿಯನ್ನು ತೋರಿಸಿರಿ. ನೆಲದಡಿಯ ಕಾಲುವೆಯೊಂದು ಅಂತರ್ಜಲವನ್ನು ಇಳಿಜಾರಿನಲ್ಲಿ ಹರಿಸಿ ತರುವುದನ್ನೂ, ಗಾಳಿ ಬೆಳಕಿಗಾಗಿ ಮೇಲಿನಿಂದ ಬಾವಿಗಳಂತೆ ಕೊರೆದಿರುವುದನ್ನೂ ಕಂಡ ಮಗು ನೀರಿನ ಬಗ್ಗೆ ಪುಸ್ತಕದಲ್ಲಿಲ್ಲದ ಪ್ರಶ್ನೆಗಳನ್ನು ಕೇಳುತ್ತದೆ.

ಗಣಿತದ ಮೊದಲ ಭಾಗದಲ್ಲಿ ನಾಲ್ಕಂಕಿಯ ಸಂಖ್ಯೆಗಳು, ಅವುಗಳ ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ, ಸರಳ ಆಕೃತಿಗಳ ಸುತ್ತಳತೆ ಮತ್ತು ವಿಸ್ತೀರ್ಣ ಬರುತ್ತವೆ. 4002ರ ಲೆಕ್ಕದಲ್ಲಿ ಅವಳು ನಿಂತದ್ದು ಕಳೆಯಲು ಬಾರದೆ ಅಲ್ಲ, ಸ್ಥಾನಬೆಲೆ ಗಟ್ಟಿಯಾಗದೆ. ‘ಮೂರು ಸಾವಿರದ ನಲವತ್ತು’ ಬರೆಯಲು ಹೇಳಿ ನೋಡಿ. ಕೇಳಿದಂತೆಯೇ 300040 ಎಂದು ಬರೆದರೆ ದೋಷ ಅಲ್ಲಿಯೇ ಇದೆ ಎಂದರ್ಥ. ಶಾಲೆಯಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್ ಇದ್ದರೆ ಅದರ ಸಾಮಗ್ರಿಯಿಂದ ಇದನ್ನು ಕಲಿಸುತ್ತಾರೆ. ಮನೆಯಲ್ಲಿ ಕಡ್ಡಿಗಳನ್ನು ಹತ್ತರ ಕಟ್ಟುಗಳಾಗಿ, ಹತ್ತು ಕಟ್ಟುಗಳನ್ನು ನೂರರ ಕಟ್ಟಾಗಿ ಕಟ್ಟಿಸಿ, ಒಂದೊಂದೇ ಕಟ್ಟನ್ನು ಬಿಚ್ಚಿ ಕಳೆಯಲು ಹೇಳಿರಿ. ದಶಕ ತೆಗೆದುಕೊಳ್ಳುವುದು ಎಂದರೆ ಕಟ್ಟು ಬಿಚ್ಚುವುದು ಎಂದು ಅವಳಿಗೆ ತಾನಾಗಿಯೇ ಹೊಳೆಯುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಎರಡನೇ ಭಾಗದಲ್ಲಿ ಭಿನ್ನರಾಶಿ, ಹಣ, ಉದ್ದ, ತೂಕ, ಗಾತ್ರ, ಕಾಲದ ಅಳತೆಗಳು, ದತ್ತಾಂಶಗಳ ನಿರ್ವಹಣೆ ಇವೆ. ಭಿನ್ನರಾಶಿಯ ಅಡಿಪಾಯ ಬೀಳುವುದು ಈ ತರಗತಿಯಲ್ಲಿಯೇ, ಐದನೇ ತರಗತಿ ಅದರ ಮೇಲೆ ನಿಲ್ಲುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ಶಾಲಾ ದಿನಗಳು ಇರಬೇಕು. ಸಂಕ್ರಾಂತಿಯಿಂದ ಯುಗಾದಿಯವರೆಗೆ ಸುಮಾರು 50 ದಿನ ತಪ್ಪಿದರೂ ವರ್ಷದ ಕಾಲು ಭಾಗ ಹೋಯಿತು. ಅದೂ ಕೊನೆಯ ಮೌಲ್ಯಮಾಪನಕ್ಕೆ ಸಿದ್ಧರಾಗುವ ಕಾಲು ಭಾಗ. ಅಜ್ಜಿಯೋ ಹತ್ತಿರದ ಬಂಧುಗಳೋ ಊರಿನಲ್ಲಿದ್ದರೆ ಅವಳನ್ನು ದಯವಿಟ್ಟು ಅಲ್ಲಿಯೇ ಬಿಟ್ಟುಹೋಗಲು ಅಕ್ಕನವರಿಗೆ ಹೇಳಿರಿ.

ಉತ್ತರ: ಶಹಾಪುರದ ತಾಯಿ

ಶಿಕ್ಷಕಿಯವರು ಭಿನ್ನರಾಶಿಯ ಬಗ್ಗೆ ಬರೆದದ್ದನ್ನು ಓದಿ ನನ್ನ ಮಗನ ವಿಷಯ ಹೇಳಬೇಕೆನಿಸಿತು. ಹೋದ ವರ್ಷ ನಾಲ್ಕನೇ ತರಗತಿಯಲ್ಲಿದ್ದಾಗ 1/2ಕ್ಕಿಂತ 1/4 ದೊಡ್ಡದು ಎಂದು ಹಟ ಹಿಡಿದಿದ್ದ, ಏಕೆಂದರೆ ಅವನ ಲೆಕ್ಕದಲ್ಲಿ ಎರಡಕ್ಕಿಂತ ನಾಲ್ಕು ದೊಡ್ಡದು. ಪುಸ್ತಕದ ಬಣ್ಣ ಹಚ್ಚಿದ ಚಿತ್ರಗಳಿಂದ ಅದು ಬದಲಾಗಲಿಲ್ಲ. ಒಂದು ದಿನ ಅವನಿಗೆ ಹಸಿವಾದ ಹೊತ್ತಿಗೆ ಎರಡು ಜೋಳದ ರೊಟ್ಟಿಗಳನ್ನು ಮುಂದಿಟ್ಟು, ಒಂದನ್ನು ಎರಡು ಪಾಲು, ಇನ್ನೊಂದನ್ನು ನಾಲ್ಕು ಪಾಲು ಮಾಡಿ, ಎರಡರಲ್ಲಿ ಒಂದು ಬೇಕೋ ನಾಲ್ಕರಲ್ಲಿ ಒಂದು ಬೇಕೋ ಎಂದು ಕೇಳಿದೆ. ಕೈ ಚಾಚುವ ಮೊದಲು ಅವನು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ಕುಳಿತ. ಆ ದಿನದ ನಂತರ ಆ ತಪ್ಪನ್ನು ಮತ್ತೆ ಮಾಡಲಿಲ್ಲ.

ನಮ್ಮದು ಚಿಕ್ಕ ಕಿರಾಣಿ ಅಂಗಡಿ. ಗಿರಾಕಿಗಳು ‘ಪಾವ ಕೇಜಿ ಬೇಳೆ’, ‘ದೀಡ (ಒಂದೂವರೆ) ಕೇಜಿ ಸಕ್ಕರೆ’ ಎಂದೇ ಕೇಳುತ್ತಾರೆ. ಪಾವ ಎಂದರೆ 250 ಗ್ರಾಂ, ಅದು ಕಾಲು ಭಾಗ, ಅದನ್ನೇ ಪುಸ್ತಕದಲ್ಲಿ 1/4 ಎಂದು ಬರೆಯುತ್ತಾರೆ ಎಂಬ ಮೂರೂ ಮಾತುಗಳನ್ನು ತಕ್ಕಡಿಯ ಮುಂದೆ ಕೂಡಿಸಿ ಹೇಳಿದ ಮೇಲೆ ತೂಕದ ಪಾಠವೂ ಭಿನ್ನರಾಶಿಯ ಪಾಠವೂ ಅವನಿಗೆ ಒಂದೇ ಆಗಿ ಕಂಡವು. ವಿಸ್ತೀರ್ಣಕ್ಕೆ ನೆಲದ ಶಹಾಬಾದ್ ಫರ್ಸಿಗಳೇ ಸಾಕು. ಕೋಣೆಯ ಉದ್ದಕ್ಕೆ ಎಷ್ಟು ಕಲ್ಲು, ಅಗಲಕ್ಕೆ ಎಷ್ಟು ಎಂದು ಎಣಿಸಿ ಗುಣಿಸಲಿ, ಆಮೇಲೆ ಒಂದೊಂದೇ ಕಲ್ಲನ್ನು ಎಣಿಸಿ ತಾಳೆ ನೋಡಲಿ. ಸುತ್ತಳತೆ ಮತ್ತು ವಿಸ್ತೀರ್ಣಗಳನ್ನು ಒಂದಕ್ಕೊಂದು ಬೆರೆಸುವ ತಪ್ಪು ಗೋಡೆಯಂಚಿಗೆ ನಡೆಯುವುದಕ್ಕೂ ನೆಲವನ್ನು ತುಂಬುವುದಕ್ಕೂ ಇರುವ ಭೇದವನ್ನು ಕಾಲಿನಿಂದಲೇ ಅರಿತಾಗ ಹೋಗುತ್ತದೆ.

ಉತ್ತರ: ಬಸವಕಲ್ಯಾಣದ ಪಾಲಕ

ಗಡಿಭಾಗದ ಮನೆಗಳವರು ಗಮನಿಸಬೇಕಾದ ಒಂದು ಸಂಗತಿಯನ್ನು ಸೇರಿಸುತ್ತೇನೆ. ನಮ್ಮ ಮನೆಮಾತು ಮರಾಠಿ, ಮಗಳು ಓದುವುದು ಕನ್ನಡ ಮಾಧ್ಯಮದಲ್ಲಿ. ಕನ್ನಡದ ‘ಇಪ್ಪತ್ತೈದು’ ಮೊದಲು ಹತ್ತುಗಳನ್ನು ಹೇಳಿ ನಂತರ ಬಿಡಿಗಳನ್ನು ಹೇಳುತ್ತದೆ, ಬರೆಯುವ ಕ್ರಮವೂ ಅದೇ. ಮರಾಠಿಯ ‘ಪಂಚವೀಸ’ದಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ, ‘ಏಕೋಣಚಾಳೀಸ’ ಎಂದರೆ ನಲವತ್ತಕ್ಕೆ ಒಂದು ಕಡಿಮೆ, ಮೂವತ್ತೊಂಬತ್ತು. ಉರ್ದು, ದಖನಿ ಆಡುವ ಮನೆಗಳಲ್ಲಿಯೂ ಇದೇ ರೀತಿ ಇದೆ. ನನ್ನ ಮಗಳು 25ರ ಬದಲು 52 ಬರೆಯುತ್ತಿದ್ದುದನ್ನು ನಾವು ಬಹಳ ದಿನ ಅಜಾಗರೂಕತೆ ಎಂದೇ ತಿಳಿದು ಗದರುತ್ತಿದ್ದೆವು. ಈಗ ಲೆಕ್ಕ ಮಾಡುವಾಗ ಸಂಖ್ಯೆಯನ್ನು ಕನ್ನಡದಲ್ಲಿಯೇ ಗಟ್ಟಿಯಾಗಿ ಹೇಳಿ ಬರೆಯುವ ರೂಢಿ ಮಾಡಿಸಿದ್ದೇವೆ, ತಪ್ಪು ಬಹುಮಟ್ಟಿಗೆ ನಿಂತಿದೆ. ಹೈದರಾಬಾದಿನಲ್ಲಿ ಕೆಲವು ತಿಂಗಳು ಇದ್ದು ಬಂದ ಮಗುವಿನಲ್ಲಿಯೂ ಇಂತಹ ಬೆರಕೆ ಇದೆಯೇ ಎಂದು ಒಮ್ಮೆ ನೋಡಿರಿ.

ಪ್ರಶ್ನೆ ಕೇಳಿದವರ ಮರುಮಾತು: ಬೀದರಿನ ಸೋದರಮಾವ

ಇಷ್ಟು ಕಾಳಜಿಯಿಂದ ಉತ್ತರಿಸಿದ ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಶಿಕ್ಷಕಿಯವರು ಹೇಳಿದಂತೆ ಬರೆಸಿ ನೋಡಿದೆ. ಅವಳು 300040 ಎಂದೇ ಬರೆದಳು. ಕಡ್ಡಿಯ ಕಟ್ಟುಗಳನ್ನು ಕಟ್ಟಲು ಆರಂಭಿಸಿದ್ದೇವೆ. ನಮ್ಮ ತಾಯಿ ಊರಿನಲ್ಲಿಯೇ ಇರುತ್ತಾರೆ, ಮೊಮ್ಮಗಳನ್ನು ನೋಡಿಕೊಳ್ಳಲು ಸಂತೋಷದಿಂದ ಒಪ್ಪಿದ್ದಾರೆ. ಆದರೆ ಅವರಿಗೆ ಓದು ಬರಹ ಬಾರದು. ಪಾಠ ಹೇಳಿಕೊಡುವವರಿಲ್ಲದ ಮನೆಯಲ್ಲಿ ಅವಳನ್ನು ಬಿಡುವುದು ಸರಿಯೇ ಎಂದು ಅಕ್ಕ ಹಿಂಜರಿಯುತ್ತಿದ್ದಾಳೆ.

ಉತ್ತರ: ಕಲಬುರಗಿ ಜಿಲ್ಲೆಯ ಶಿಕ್ಷಕಿ

ಸರ್, ಓದು ಬಾರದ ಅಜ್ಜಿಯೇ ಈ ಮಗುವಿಗೆ ಈಗ ಬೇಕಾದವರು. ಅವಳ ತೊಂದರೆ ಓದಿದ್ದನ್ನು ಹೇಳಲಾರದ್ದು ತಾನೆ? ಓದು ಬಲ್ಲ ನೀವು ‘ಏನಿದೆ’ ಎಂದು ಕೇಳಿದರೆ ಅದು ಅವಳಿಗೆ ಪರೀಕ್ಷೆಯಂತೆ ಕಾಣುತ್ತದೆ, ಏಕೆಂದರೆ ನಿಮಗೆ ಉತ್ತರ ಗೊತ್ತಿದೆ ಎಂದು ಅವಳಿಗೆ ಗೊತ್ತು. ಅಜ್ಜಿ ಕೇಳಿದರೆ ಅದು ನಿಜವಾದ ಪ್ರಶ್ನೆ. ದಿನಾ ಸಂಜೆ ಒಂದು ಪುಟವನ್ನು ಓದಿ, ಪುಸ್ತಕ ಮುಚ್ಚಿ, ಅದರಲ್ಲಿರುವುದನ್ನು ಅಜ್ಜಿಗೆ ತಿಳಿಯುವಂತೆ ಮನೆಮಾತಿನಲ್ಲಿ ಹೇಳಲಿ. ಅಜ್ಜಿಗೆ ತಿಳಿಯದಿದ್ದರೆ ಮತ್ತೆ ಪುಸ್ತಕ ತೆರೆದು ನೋಡಲಿ. ಲೆಕ್ಕದ ತೊಡಕುಗಳನ್ನು ಒಂದು ಕಡೆ ಬರೆದಿಟ್ಟುಕೊಂಡು ನಿಮಗೆ ಭಾನುವಾರ ತೋರಿಸಲಿ.

ಒಂದು ವೇಳೆ ನಿಮ್ಮ ತಾಯಿಯವರ ಆರೋಗ್ಯ ಅಥವಾ ಬೇರೆ ಕಾರಣದಿಂದ ಇದು ಸಾಧ್ಯವಾಗದಿದ್ದರೆ, ಗುಳೆ ಹೋಗುವ ಕುಟುಂಬಗಳ ಮಕ್ಕಳಿಗಾಗಿ ಸಮಗ್ರ ಶಿಕ್ಷಣ ಯೋಜನೆಯಡಿ ಋತುಮಾನ ವಸತಿ ಕೇಂದ್ರಗಳನ್ನು ನಡೆಸಲು ಅವಕಾಶವಿದೆ. ನಿಮ್ಮ ಭಾಗದಲ್ಲಿ ಈ ವರ್ಷ ತೆರೆಯುತ್ತಾರೆಯೇ ಎಂದು ಮುಖ್ಯಗುರುಗಳನ್ನು ಅಥವಾ ಕ್ಲಸ್ಟರಿನ (ಸುತ್ತಲಿನ ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿಯಾದ ಸಿ.ಆರ್.ಪಿ.ಯವರನ್ನು ಈಗಲೇ ಕೇಳಿಡಿ. ಹೈದರಾಬಾದಿನ ಶಾಲೆಗೆ ಸೇರಿಸುವ ಹಕ್ಕೂ ಕಾಯ್ದೆಯಲ್ಲಿದೆ, ಆದರೆ ಎರಡು ತಿಂಗಳಿಗಾಗಿ ಕನ್ನಡವಲ್ಲದ ಮಾಧ್ಯಮದಲ್ಲಿ ಕುಳಿತು ಅವಳು ಭಿನ್ನರಾಶಿ ಕಲಿಯುವುದು ಕಷ್ಟ.

ಅಕ್ಕನವರೊಂದಿಗೆ ಮಾತನಾಡಲು ಎಳ್ಳ ಅಮಾವಾಸ್ಯೆಯವರೆಗೆ ಕಾಯಬೇಡಿ. ನಮ್ಮ ಕಡೆ ಎಷ್ಟೋ ಮನೆಯವರು ದೀಪಾವಳಿಯ ಹೊತ್ತಿಗೇ ಗುತ್ತೇದಾರರಿಂದ ಮುಂಗಡ ಪಡೆದಿರುತ್ತಾರೆ, ಮಗುವನ್ನೂ ಕರೆದೊಯ್ಯುವ ಲೆಕ್ಕ ಆಗಲೇ ಆಗಿರುತ್ತದೆ. ದಸರಾ ರಜೆಯಲ್ಲಿ ಎಲ್ಲರೂ ಮನೆಯಲ್ಲಿರುವಾಗ ಕೂತು ತೀರ್ಮಾನಿಸಿ, ಅವಳು ಊರಿನಲ್ಲಿಯೇ ಉಳಿಯುತ್ತಾಳೆಂದು ತರಗತಿ ಶಿಕ್ಷಕರಿಗೂ ತಿಳಿಸಿಬಿಡಿ.