ಅಪ್‌ಡೇಟ್: ‘ಒಬ್ರಿಗಾದು’ ಯಾವಾಗ, ‘ಒಬ್ರಿಗಾದ’ ಯಾವಾಗ?

ಪೋರ್ಚುಗೀಸಿನಲ್ಲಿ ಥ್ಯಾಂಕ್ಸ್ ಹೇಳೋಕೆ ಎರಡು ರೂಪ ಯಾಕೆ ಅಂತ ಕೇಳಿದ್ದೆ. ಗೊಂದಲ ಬಗೆಹರಿಯಿತು: ಎದುರಿಗಿರೋರು ಯಾರು ಅನ್ನೋದು ಲೆಕ್ಕಕ್ಕೇ ಇಲ್ಲ. ಹೇಳೋರು ಗಂಡಸಾದರೆ ‘ಒಬ್ರಿಗಾದು’, ಹೆಂಗಸಾದರೆ ‘ಒಬ್ರಿಗಾದ’.

ಆದರೆ ‘ಎರಡು’ ಅನ್ನೋವಾಗ ವಸ್ತುವಿನ ಲಿಂಗ ನೋಡಬೇಕು. ಕಾಫಿ ಪುಲ್ಲಿಂಗ, ಹಾಗಾಗಿ ಎರಡು ಕಾಫಿಗೆ ‘ದೋಯ್ಶ್ ಕಫೆಶ್’. ಸೂಪ್ ಸ್ತ್ರೀಲಿಂಗ, ಎರಡು ಸೂಪ್‌ಗೆ ‘ದುವಶ್ ಸೋಪಶ್’. ಕೊನೆಗೆ ‘ಪುರ್ ಫವೋರ್’ (ದಯವಿಟ್ಟು) ಸೇರಿಸಿದರೆ ಮರ್ಯಾದೆ. 3ರಿಂದ 20ರವರೆಗೆ ಈ ಕಾಟ ಇಲ್ಲ.

ಇವೆಲ್ಲ ಲಿಸ್ಬನ್ ಉಚ್ಚಾರಣೆ. ಅಲ್ಲಿ ಬೆಳಗಿನ ನಮಸ್ಕಾರ ‘ಬೋಂ ದಿಯ’, ಬ್ರೆಜಿಲ್‌ನ ಬಹುಪಾಲು ಕಡೆ ‘ಬೋಂ ಜಿಯ’. ಲಿಸ್ಬನ್‌ನಲ್ಲಿ ಮಧ್ಯಾಹ್ನವಾದರೆ ‘ಬೋವ ತಾರ್ದ್’.

ಹೆಚ್ಚು ಎಡವೋದು ಮೂಗಿನ ಸ್ವರದಲ್ಲಿ. ಬ್ರೆಡ್ಡಿಗೆ ‘ಪೌಂ’, ಆದರೆ ಕೊನೆಗೆ ತುಟಿ ಮುಚ್ಚಬಾರದು, ಮೂಗಿನಲ್ಲೇ ತೇಲಿಸಬೇಕು. ಮೂಗು ಮರೆತರೆ ‘ಪೌ’, ಅಂದ್ರೆ ಕೋಲು! ಪಾವ್ ಭಾಜಿಯ ಪಾವ್ ಬಂದಿದ್ದೂ ಈ ‘ಪೌಂ’ನಿಂದಲೇ.