ಮೊಣಕಾಲಿನ ವರದಿಯಲ್ಲಿ ‘ಅನುವಾದ’: ಎರಡು ಪದ ಬೇಕಾಗಿವೆ

ನಾನು ಬಾಗಲಕೋಟೆಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಹೋದ ವಾರ ಜಮಖಂಡಿ ಕಡೆಯ ರೈತರೊಬ್ಬರು ಕುಸ್ತಿ ಆಡುವ ಮಗನನ್ನು ಕರೆದುಕೊಂಡು ಬಂದಿದ್ದರು. ಪಟ್ಟು ಬಿಡಿಸಿಕೊಳ್ಳುವಾಗ ಹುಡುಗನ ಮೊಣಕಾಲು ತಿರುಚಿ, ಒಳಗೆ ಟಕ್ ಎಂದು, ಸಂಜೆಯೊಳಗೆ ಊದಿಕೊಂಡಿತ್ತು. ಎಂಆರ್‌ಐ ವರದಿ ಇಂಗ್ಲಿಷಿನಲ್ಲಿತ್ತು. ಹುಡುಗ ಅದನ್ನು ಮೊಬೈಲಿನಲ್ಲಿ ಕನ್ನಡಕ್ಕೆ ತಿರುಗಿಸಿದ್ದ. ‘ಮುಂಭಾಗದ ಟಿಬಿಯಾ ಅನುವಾದ 8 ಮಿ.ಮೀ.’ ಎಂದು ಬಂದಿತ್ತು. ತಂದೆ ಆ ಸಾಲಿನ ಮೇಲೆ ಬೆರಳಿಟ್ಟು, ‘ಇಲ್ಲಿ ಅನುವಾದ ಆಗಿರುವುದು ಏನು?’ ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ವರದಿಯಲ್ಲಿದ್ದ ಇಂಗ್ಲಿಷ್ ಪದ ‘ಟ್ರಾನ್ಸ್‌ಲೇಶನ್’. ಅದರ ಮೂಲದಲ್ಲಿ ‘ಆಚೆಗೆ ಒಯ್ದದ್ದು’ ಎಂಬ ಅರ್ಥವಿದೆ. ಮಾತನ್ನೂ ಒಯ್ಯಬಹುದು, ಮೂಳೆಯನ್ನೂ ಒಯ್ಯಬಹುದು. ನಮ್ಮ ‘ಅನುವಾದ’ದಲ್ಲಿ ಇರುವುದು ‘ವದ್’, ಅಂದರೆ ನುಡಿಯುವುದು. ಅದಕ್ಕೆ ಮೂಳೆಯ ಸಂಗತಿ ಹೊಂದುವುದೇ ಇಲ್ಲ.

ವರದಿ ಹೇಳುತ್ತಿದ್ದದ್ದು ಇಷ್ಟು. ಮೊಣಕಾಲನ್ನು ಪಕ್ಕದಿಂದ ತೋರಿಸುವ ಚಿತ್ರದಲ್ಲಿ ತೊಡೆಮೂಳೆಯ ಹೊರಬದಿಯ ಉಬ್ಬಿನ ಹಿಂದಂಚಿನಿಂದ ಕೆಳಕ್ಕೆ ನೇರ ಗೆರೆ ಎಳೆಯುತ್ತಾರೆ. ಕೆಳಗಿನ ಮೂಳೆಯ, ಅಂದರೆ ಟಿಬಿಯಾದ, ಹಿಂದಂಚು ಆ ಗೆರೆಗಿಂತ ಎಷ್ಟು ಮುಂದಿದೆ ಎಂದು ಅಳೆಯುತ್ತಾರೆ. 5 ಮಿ.ಮೀ. ದಾಟಿದರೆ ಅನುಮಾನ, 7 ದಾಟಿದರೆ, ಮೂಳೆಯನ್ನು ಮುಂದೆ ಹೋಗದಂತೆ ಹಿಡಿದಿಡುವ ಲಿಗಮೆಂಟ್ ಹರಿದಿರುವುದಕ್ಕೆ ಬಲವಾದ ಸೂಚನೆ. ಅಳತೆಯೊಂದೇ ತೀರ್ಪಲ್ಲ, ವೈದ್ಯರು ಮೊದಲು ನೋಡುವುದು ಲಿಗಮೆಂಟನ್ನೇ. ಅದು ಗಟ್ಟಿಯಿದ್ದರೆ ಬಿಗಿದ ಕಪ್ಪು ಪಟ್ಟಿಯಂತೆ ಕಾಣುತ್ತದೆ.

ಮೂಳೆ ಹೀಗೆ ಮುಂದೆ ಸರಿಯುವುದಕ್ಕೆ ‘ಸ್ಥಾನಪಲ್ಲಟ’ ಎಂದರೆ ಕೀಲೇ ತಪ್ಪಿದೆ ಎಂದು ತಿಳಿಯುತ್ತಾರೆ. ‘ಚಲನೆ’ ಎಂದರೆ ಒಳ್ಳೆಯ ಸುದ್ದಿಯಂತೆ ಕೇಳುತ್ತದೆ. ನನಗೆ ಹೊಳೆದದ್ದು ‘ಸರಿತ’. ಕುಸಿ-ಕುಸಿತ, ಸೆಳೆ-ಸೆಳೆತ ಇದ್ದ ಹಾಗೆ ಸರಿ-ಸರಿತ. ‘ಸ್ವಲ್ಪ ಸರಿದು ಕೂಡ್ರಿ’ ಎಂದು ದಿನವೂ ಹೇಳುವ ನಮಗೆ ಇದು ಹೊರಗಿನದಲ್ಲ. ಆದರೆ ‘ಮುನ್ಸರಿತ’ ಎಂದು ಕೂಡಿಸಿದರೆ ‘ಮುನ್ಸೂಚನೆ’ಯಂತೆ ಕಾಲದ ಅರ್ಥ ಬಂದೀತೇ ಎಂಬ ಅಳುಕಿದೆ. ‘ಮುಂದ್ಸರಿತ’ ಬಾಯಿಗೆ ಒಗ್ಗುವುದಿಲ್ಲ. ಬಲ್ಲವರು ಹೇಳಬೇಕು.

ಎರಡನೆಯದು ಲಿಗಮೆಂಟ್. ನಮ್ಮಲ್ಲಿ ಎಲ್ಲರೂ ‘ನರ ಹರಿದಿದೆ’ ಎನ್ನುತ್ತಾರೆ, ಕೆಲವು ವೈದ್ಯರೂ. ಅದನ್ನು ಕೇಳಿದ ತಾಯಂದಿರು ಮಗನ ಕಾಲು ಸ್ವಾಧೀನ ತಪ್ಪುತ್ತದೆ ಎಂದು ಅತ್ತಿರುವುದನ್ನು ಕಂಡಿದ್ದೇನೆ. ಆದ್ದರಿಂದಲೇ ಈ ಪದ ನನಗೆ ಸಣ್ಣ ವಿಷಯವಲ್ಲ. ನಿಘಂಟಿನ ‘ಅಸ್ಥಿರಜ್ಜು’ ನಿಖರವಾಗಿದೆ, ಆದರೆ ನಾನು ಹೇಳಿದಾಗಲೆಲ್ಲ ‘ಏನಂದಿರಿ?’ ಎಂದು ಮತ್ತೆ ಕೇಳುತ್ತಾರೆ. ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ‘ಸ್ನಾಯು’ ಎಂದೇ ಇದೆ. ಹಲಗೆಗಳನ್ನು ಬಿಗಿದು ಕಟ್ಟಿದ ದೋಣಿ ಭಾರ ಹೊರುವಂತೆ, ಸ್ನಾಯುಗಳಿಂದ ಕಟ್ಟಿದ ದೇಹ ಭಾರ ತಾಳುತ್ತದೆ ಎಂಬ ಚೆಂದದ ಹೋಲಿಕೆಯೂ ಅಲ್ಲಿದೆ. ಆದರೆ ಇಂದಿನ ಕನ್ನಡದಲ್ಲಿ ಸ್ನಾಯು ಎಂದರೆ ಮಾಂಸಖಂಡ. ಅದನ್ನು ಹಿಂದಕ್ಕೆ ಪಡೆಯಲಾಗದು.

ಅಂದು ನಾನು ಕೈ ಬೆರಳುಗಳನ್ನು ಕತ್ತರಿಯಂತೆ ಹೆಣೆದು, ಮೊಣಕಾಲಿನೊಳಗಿನ ಎರಡು ಲಿಗಮೆಂಟ್‌ಗಳು ಒಂದನ್ನೊಂದು ಅಡ್ಡ ಹಾಯ್ದು ಮೂಳೆಗಳನ್ನು ಹೇಗೆ ಹಿಡಿದಿವೆ ಎಂದು ತೋರಿಸಿದೆ. ಆ ತಂದೆ ಸ್ವಲ್ಪ ಹೊತ್ತು ನೋಡಿ, ‘ಮಿಣಿ ಹರಿದು ನೊಗ ಮುಂದೆ ಸರಿದಂತೆ ಆಗಿದೆ ಅನ್ನಿ’ ಎಂದರು. ನಾನು ಅರ್ಧ ಗಂಟೆಯಿಂದ ಹೇಳಲು ಹೆಣಗುತ್ತಿದ್ದದ್ದು ಅದೇ.

‘ಕತ್ತರಿಮಿಣಿ’ ಎನ್ನಬಹುದೇ? ನಮ್ಮ ಕಡೆ ಮಿಣಿ ಎಂದರೆ ತೊಗಲಿನ ಹಗ್ಗ. ವಿಜಯಪುರ, ಬೆಳಗಾವಿ ಕಡೆಯ ಒಕ್ಕಲು ಮನೆಗಳಲ್ಲಿ ಈ ಮಾತು ಇನ್ನೂ ಬಳಕೆಯಲ್ಲಿದೆಯೇ, ನೂಲಿನ ಹಗ್ಗಕ್ಕೂ ಹೇಳುತ್ತಾರೆಯೇ ಎಂದು ತಿಳಿದವರು ಬರೆಯಿರಿ. ಹುಡುಗ ಬರುವ ಸೋಮವಾರ ಮತ್ತೆ ಬರುತ್ತಾನೆ.