ಇಷ್ಟು ದಿನ ಒಗ್ಗಿದ್ದ ಪಿರ್ಫೆನಿಡೋನ್ ಈಗ ಯಾಕೆ ಒಗ್ಗುತ್ತಿಲ್ಲ? ವಾಂತಿ, ತಲೆಸುತ್ತು, ಕೈ ಉರಿ

ಕುಂದವಾಡ_ಕೆರೆ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಬರೆಯುತ್ತಿದ್ದೇನೆ. ನಮ್ಮ ಅಪ್ಪಾಜಿಗೆ ಐಪಿಎಫ್ (ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ), ದಾವಣಗೆರೆಯಲ್ಲೇ ತೋರಿಸುತ್ತಿದ್ದೇವೆ. ಅದಕ್ಕೇ ಪಿರ್ಫೆನಿಡೋನ್ 600 ಮೂರು ಹೊತ್ತು ನಡೆಯುತ್ತಿದೆ. ಶುರುವಿನಲ್ಲಿ ಸ್ವಲ್ಪ ವಾಕರಿಕೆ ಇತ್ತು, ಆಮೇಲೆ ಒಗ್ಗಿತು. ತಿಂಗಳುಗಟ್ಟಲೆ ಆರಾಮಾಗಿದ್ದರು. ಈಗ ಒಂದು ವಾರದಿಂದ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ತಲೆ ತಿರುಗುತ್ತದೆ, ಗೋಡೆ ಹಿಡಿದು ನಡೆಯುತ್ತಾರೆ. ಎರಡು ತುತ್ತಿಗೆ ತಟ್ಟೆ ಸರಿಸಿಬಿಡುತ್ತಾರೆ. ಕೈ ಹಿಂಭಾಗ ಕೆಂಪಾಗಿ ಉರಿ. ಶರ್ಟಿನ ತೋಳು ಮುಗಿದ ಕಡೆಯಿಂದ ಬೆರಳಿನವರೆಗೆ ಮಾತ್ರ, ತೋಳಿನೊಳಗೆ ಏನೂ ಇಲ್ಲ. ಅದೇ ಕಂಪನಿ, ಅದೇ ಡೋಸು, ಅದೇ ಅಂಗಡಿ. ಏನೂ ಬದಲಾಗಿಲ್ಲ. ಬ್ಯಾಚ್ ಕೆಟ್ಟಿದೆಯಾ? ನಮ್ಮ ಡಾಕ್ಟರು ಸೋಮವಾರದವರೆಗೆ ಸಿಗಲ್ಲ.

ಹರಿಹರದ_ಮೇಷ್ಟ್ರು
ಖಾಲಿ ಹೊಟ್ಟೆ. ಬೇರೆ ಏನೂ ಇಲ್ಲ. ಊಟದ ಜೊತೆ ತಗೊಂಡರೆ ರಕ್ತದಲ್ಲಿ ಈ ಔಷಧ ಏರುವ ಗರಿಷ್ಠ ಮಟ್ಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಟ್ಟು ಮೈಗೆ ಸೇರುವುದು ಅಷ್ಟೇನೂ ಕಡಿಮೆಯಾಗಲ್ಲ. ಅದಕ್ಕೇ ಊಟದ ಜೊತೆ ನುಂಗಿ ಅನ್ನೋದು. ನಮ್ಮ ಕಡೆ ಒಂದು ಹಿಡಿ ಮಂಡಕ್ಕಿ ತಿಂದು 'ಊಟ ಆಯ್ತು' ಅಂತಾರೆ. ಅದು ಊಟ ಅಲ್ಲ.

ಕುಂದವಾಡ_ಕೆರೆ
ಸರ್, ಮೊದಲಿನಿಂದಲೂ ಊಟದ ಮಧ್ಯೆಯೇ ಕೊಡುತ್ತೇನೆ. ಮುದ್ದೆ ಇಲ್ಲಾ ರೊಟ್ಟಿ, ಅನ್ನ ಸಾರು. ಎದುರಿಗೇ ಕೂತು ನುಂಗಿಸುತ್ತೇನೆ.

ಹರಿಹರದ_ಮೇಷ್ಟ್ರು
ಬೆಳಗಿನ ಹೊತ್ತು? ನಿಧಾನಕ್ಕೆ ವಿಚಾರಿಸಿ. ನಮ್ಮಣ್ಣನಿಗೂ ಹೀಗೇ ಆಗಿತ್ತು. ತಿಂಡಿಗೆ ಮುಂಚೆ ನುಂಗುತ್ತಿದ್ದರು, ಯಾರಿಗೂ ಹೇಳಿರಲಿಲ್ಲ.

ದುರ್ಗದ_ಬಿಸಿಲು
ಮೂಸಂಬಿ ಜ್ಯೂಸ್ ಕೊಡ್ತಿದ್ದೀರಾ ಅಕ್ಕ? ನಿಲ್ಲಿಸಿ. ಹುಳಿ ಹಣ್ಣು ಯಾವುದೂ ಈ ಮಾತ್ರೆಗೆ ಆಗಲ್ಲ.

ಹೊಳಲ್ಕೆರೆ_ಫಾರ್ಮಸಿ
ಯಾವುದೂ ಆಗಲ್ಲ ಅನ್ನೋದು ತಪ್ಪು. ಔಷಧದ ಡಬ್ಬಿಯೊಳಗಿನ ಮಾಹಿತಿ ಚೀಟಿಯಲ್ಲಿ ಹೆಸರು ಹಿಡಿದು ಬೇಡ ಅಂದಿರುವುದು ಗ್ರೇಪ್‌ಫ್ರೂಟ್ ಜ್ಯೂಸ್. ಅದು ನಮ್ಮ ಸಂತೆಯಲ್ಲಿ ಸಿಗುವುದೇ ಅಪರೂಪ. ಚಕ್ಕೋತ ಅದರ ಹತ್ತಿರದ ನೆಂಟ, ಅದನ್ನೂ ದೂರ ಇಡಿ ಅಂತ ನಾನು ಹೇಳುತ್ತೇನೆ. ಊಟವೇ ಸೇರದ ಮನುಷ್ಯನಿಗೆ ಹಣ್ಣನ್ನೆಲ್ಲಾ ಬಿಡಿಸಿದರೆ ಉಳಿಯೋದೇನು?

ದುರ್ಗದ_ಬಿಸಿಲು
ನಮ್ಮ ತಾಯಿಗೆ ಮೂಸಂಬಿ ಬಿಟ್ಟ ಮೇಲೇ ವಾಂತಿ ನಿಂತಿದ್ದು. ಕಣ್ಣಾರೆ ನೋಡಿದ್ದೇನೆ.

ಹೊಳಲ್ಕೆರೆ_ಫಾರ್ಮಸಿ
ಅದೇ ಹೊತ್ತಿಗೆ ಡಾಕ್ಟರು ಡೋಸು ಇಳಿಸಿದ್ದರು ಅಂತ ಹೋದ ತಿಂಗಳು ನೀವೇ ಬರೆದಿದ್ದೀರಿ.

ಆಂಜನೇಯ_ಬಡಾವಣೆ
ಮೊದಲು ಸ್ಯಾಚುರೇಶನ್ ನೋಡಿ. ತಲೆ ತಿರುಗೋದು ಆಕ್ಸಿಜನ್ ಕಡಿಮೆಯಾದರೂ ಆಗುತ್ತದೆ. ನಮ್ಮನೆಯಲ್ಲಿ ಆಕ್ಸಿಜನ್ ಕೊಡುವ 10 ಲೀಟರ್ ಕಾನ್ಸಂಟ್ರೇಟರ್ ಯಂತ್ರ ಇದೆ. ಬೇರೆ ಇನ್ವರ್ಟರ್, ಎರಡು ಟ್ಯೂಬ್ಯುಲರ್ ಬ್ಯಾಟರಿ, ಮೇಲೆ ಒಂದು ಬಿ ಟೈಪ್ ಸಿಲಿಂಡರ್. ಕರೆಂಟ್ ಹೋದರೂ ಗೊತ್ತೇ ಆಗಲ್ಲ.

ಹರಿಹರದ_ಮೇಷ್ಟ್ರು
ನಮ್ಮದು 5 ಲೀಟರ್. 2 ಲೀಟರ್ ಹರಿವು ಬೇಕಾದವರಿಗೆ 10 ಯಾಕೆ? ಕರೆಂಟ್ ಬಿಲ್ ಜಾಸ್ತಿ ಅಷ್ಟೇ.

ಆಂಜನೇಯ_ಬಡಾವಣೆ
ನಾಳೆ ಜಾಸ್ತಿ ಬೇಕಾದರೆ ಮತ್ತೆ ಕೊಳ್ಳಬೇಕಲ್ವಾ? ಫಿಲ್ಟರ್ ವಾರಕ್ಕೊಮ್ಮೆ ತೊಳೆಯುತ್ತೇನೆ, ಬೇಕಾದರೆ ಫೋಟೋ ಹಾಕುತ್ತೇನೆ.

ಕುಂದವಾಡ_ಕೆರೆ
ಸ್ಯಾಚುರೇಶನ್ ಕೂತಾಗ 94, ಯಾವಾಗಲೂ ಇರುವಷ್ಟೇ. ದಯವಿಟ್ಟು ಮಾತ್ರೆ ವಿಚಾರಕ್ಕೆ ಬನ್ನಿ. ಇವತ್ತು ಮಧ್ಯಾಹ್ನವೂ ವಾಂತಿ ಆಯಿತು.

ಹೊಳಲ್ಕೆರೆ_ಫಾರ್ಮಸಿ
ಅಕ್ಕ, 'ಏನೂ ಬದಲಾಗಿಲ್ಲ' ಅಂದಿದ್ದೀರಿ. ನಾನು ನೇರವಾಗಿ ಕೇಳುತ್ತೇನೆ. ಈ ಮಾತ್ರೆ ಬಿಟ್ಟು ಮನೆಯಲ್ಲಿ ಇನ್ನೇನೇನು ನುಂಗುತ್ತಿದ್ದಾರೆ? ಬಿಪಿ, ಗ್ಯಾಸ್, ನೋವಿನ ಮಾತ್ರೆ, ಕಷಾಯ, ಎಲ್ಲವನ್ನೂ ಹೇಳಿ. ಬೀಡಿ ಸಿಗರೇಟು ಇದೆಯಾ? ಬಿಸಿಲಿಗೆ ಹೋಗಿದ್ದರಾ?

ಕುಂದವಾಡ_ಕೆರೆ
ಬಿಪಿಗೆ ಆಮ್ಲೋಡಿಪಿನ್, ಗ್ಯಾಸಿಗೆ ಪ್ಯಾಂಟೊಪ್ರಜೋಲ್, ಎರಡೂ ಹಳೆಯವು. ಜಗಳೂರು ಕಡೆ ನಮ್ಮ ಹಳ್ಳಿಗೆ ಜಾತ್ರೆಗೆ ಹೋಗಿದ್ದರು. ಅಲ್ಲಿ ಉರಿಮೂತ್ರ ಆಗಿ ಮೆಡಿಕಲ್ ಅಂಗಡಿಯವರು ಸಿಪ್ರೋಫ್ಲಾಕ್ಸಾಸಿನ್ 500 ಎರಡು ಹೊತ್ತು ಕೊಟ್ಟಿದ್ದಾರೆ. ಮೂತ್ರದ ಮಾತ್ರೆ ಅಲ್ವಾ, ಎದೆಗೆ ಸಂಬಂಧ ಇಲ್ಲ ಅಂತ ಬರೆಯಲಿಲ್ಲ. ಬೀಡಿ ಮಿಲ್ಲಿನ ಕಾಲದಿಂದ ಇತ್ತು. ಈಗ ಸ್ವಲ್ಪ ದಿನದ ಹಿಂದೆ ಪೂರ್ತಿ ಬಿಟ್ಟಿದ್ದಾರೆ. ಅದು ಒಳ್ಳೆಯದೇ ಅಲ್ವಾ?

ಹೊಳಲ್ಕೆರೆ_ಫಾರ್ಮಸಿ
ಎರಡೂ ಇಲ್ಲೇ ಸಿಕ್ಕವು ನೋಡ್ರಿ.

ಪಿರ್ಫೆನಿಡೋನ್ ಅನ್ನು ಲಿವರ್‌ನಲ್ಲಿ ಮುಖ್ಯವಾಗಿ ಒಡೆಯುವುದು ಸಿವೈಪಿ1ಎ2 ಅನ್ನುವ ಕಿಣ್ವ. ಸಿಪ್ರೋಫ್ಲಾಕ್ಸಾಸಿನ್ ಆ ಕಿಣ್ವದ ಕೆಲಸ ತಡೆಯುತ್ತದೆ. ನುಂಗಿದ ಡೋಸು ಅದೇ, ಆದರೆ ಒಡೆಯದೆ ರಕ್ತದಲ್ಲಿ ಉಳಿಯುವುದು ಜಾಸ್ತಿ. ಸಿಪ್ರೋ 750 ಮಿಲಿಗ್ರಾಂ ದಿನಕ್ಕೆ ಎರಡು ಸಲ ಕೊಟ್ಟು ನೋಡಿದಾಗ ಮೈಗೆ ಸೇರುವ ಪಿರ್ಫೆನಿಡೋನ್ 81% ಏರಿತ್ತು. ಆ ಪ್ರಮಾಣದಲ್ಲಿ ಸಿಪ್ರೋ ಬೇಕೇ ಬೇಕು ಅಂದರೆ ಪಿರ್ಫೆನಿಡೋನ್ ಅನ್ನು ದಿನಕ್ಕೆ 1602 ಮಿಲಿಗ್ರಾಂಗೆ ಇಳಿಸಬೇಕು ಅಂತ ಚೀಟಿ ಹೇಳುತ್ತದೆ. 500ರ ಡೋಸಿಗೂ ಹುಷಾರಾಗಿರಿ ಅನ್ನುತ್ತದೆ. ಖಿನ್ನತೆಗೆ ಕೊಡುವ ಫ್ಲೂವೋಕ್ಸಮೀನ್ ಇನ್ನೂ ಜೋರು, ಸುಮಾರು 4 ಪಟ್ಟು ಏರಿಸುತ್ತದೆ. ಅದು ಜೊತೆಗೆ ಬೇಡವೇ ಬೇಡ.

ಬೀಡಿ ಹೊಗೆ ಇದಕ್ಕೆ ಉಲ್ಟಾ. ಆ ಕಿಣ್ವಕ್ಕೆ ಚುರುಕು ಕೊಡುತ್ತದೆ. ಸೇದುವವರ ಮೈಗೆ ಈ ಔಷಧ ಸೇದದವರ ಅರ್ಧದಷ್ಟೇ ಸಿಗುತ್ತದೆ. ಅಂದರೆ ನಿಮ್ಮ ಅಪ್ಪಾಜಿ ಇಷ್ಟು ದಿನ ನುಂಗಿದ್ದರಲ್ಲಿ ಅರ್ಧ ಹೊಗೆಗೇ ಹೋಗುತ್ತಿತ್ತು. ಬೀಡಿ ಬಿಟ್ಟರು, ಔಷಧ ಪೂರ್ತಿ ಸಿಗಲು ಶುರುವಾಯಿತು. ಅದರ ಮೇಲೆ ಸಿಪ್ರೋ ಬಂದು ಕೂತಿತು. ದಯವಿಟ್ಟು ಬೀಡಿ ಮತ್ತೆ ಹಚ್ಚಿಸಬೇಡಿ. ಬಿಟ್ಟಿರುವುದು ಬಹಳ ದೊಡ್ಡ ಕೆಲಸ. ಸರಿ ಮಾಡಬೇಕಾದ್ದು ಡೋಸು.

ಕೈ ಉರಿ ಬಿಸಿಲಿನದು. ಪಿರ್ಫೆನಿಡೋನ್ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ, ಸಿಪ್ರೋ ಕೂಡ ಮಾಡುತ್ತದೆ. ಜಾತ್ರೆ ಬಿಸಿಲಲ್ಲಿ ಎರಡೂ ಸೇರಿವೆ. ತುಂಬುತೋಳು, ಛತ್ರಿ, ಎಸ್‌ಪಿಎಫ್ 50 ಕ್ರೀಮು ಬೇಕು.

ಯಾವುದನ್ನೂ ನೀವೇ ನಿಲ್ಲಿಸಬೇಡಿ. ಸೋಮವಾರಕ್ಕೂ ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ, ಡ್ಯೂಟಿ ಡಾಕ್ಟರಿಗೆ 'ಸಿಪ್ರೋ ನಡೆಯುತ್ತಿದೆ, ಬೀಡಿ ಬಿಟ್ಟಿದ್ದಾರೆ' ಅಂತ ಈ ಎರಡು ಮಾತು ಹೇಳಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಫೋನ್ ಅಲ್ಲ, ನೇರ ಹೋಗಿ.

ಹರಿಹರದ_ಮೇಷ್ಟ್ರು
ಇದೆಲ್ಲಾ ಸರಿ. ಆದರೂ ಬೆಳಗಿನ ಮಾತ್ರೆ ತಿಂಡಿಗೆ ಮುಂಚೆಯೋ ಆಮೇಲೋ ಅಂತ ಅವರಿನ್ನೂ ಹೇಳಿಲ್ಲ.

ಚಳ್ಳಕೆರೆ_ಶೇಂಗಾ
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಅತ್ತೆಗೆ ಐಪಿಎಫ್‌ನ ಇನ್ನೊಂದು ಔಷಧ ನಿಂಟೆಡಾನಿಬ್ 150, ಭೇದಿ ನಿಲ್ಲುತ್ತಿಲ್ಲ. ಶೇಂಗಾ ತಿನ್ನಬಾರದು ಅಂತ ಯಾರೋ ಹೇಳಿದರು. ನಮ್ಮೂರಲ್ಲಿ ಶೇಂಗಾ ಇಲ್ಲದ ಅಡುಗೆ ಎಲ್ಲಿದೆ?

ಹೊಳಲ್ಕೆರೆ_ಫಾರ್ಮಸಿ
ಶೇಂಗಾ ಅಲರ್ಜಿ ಇದ್ದವರಿಗೆ ಮಾತ್ರ ಆ ಮಾತು. ಮೂಲ ಕಂಪನಿಯ ಕ್ಯಾಪ್ಸೂಲಿನಲ್ಲಿ ಸೋಯಾ ಲೆಸಿಥಿನ್ ಇದೆ. ಅದಕ್ಕೆ ಶೇಂಗಾ, ಸೋಯಾ ಅಲರ್ಜಿಯವರು ತಗೋಬಾರದು ಅಂತಾರೆ. ಅಲರ್ಜಿ ಇಲ್ಲದವರು ಚಟ್ನಿಪುಡಿ ಬಿಡಬೇಕಿಲ್ಲ. ಭೇದಿ ಆ ಔಷಧದ್ದೇ ಗುಣ. ಲೋಪೆರಮೈಡ್ ಕೊಡಬಹುದಾ, ಡೋಸು 100ಕ್ಕೆ ಇಳಿಸಬೇಕಾ ಅಂತ ಡಾಕ್ಟರನ್ನು ಕೇಳಿ. ನಿಮ್ಮ ಅತ್ತೆಗೆ ಟಿಬಿಯ ರಿಫಾಂಪಿಸಿನ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಹೇಳಿ. ರಿಫಾಂಪಿಸಿನ್ ನಿಂಟೆಡಾನಿಬ್ ಅನ್ನು ಅರ್ಧಕ್ಕೆ ಇಳಿಸುತ್ತದೆ, ರಕ್ತ ತೆಳು ಮಾಡುವುದರ ಜೊತೆ ರಕ್ತಸ್ರಾವದ ಭಯ. ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಕಲಸಿಹೋಗುತ್ತದೆ.

ಕುಂದವಾಡ_ಕೆರೆ
ಫೋನ್ ಮಾಡಿದೆ. ಸಿಪ್ರೋ ನಿಲ್ಲಿಸಿ ಮೂತ್ರದ ಕಲ್ಚರ್ ಕಳಿಸಲು ಹೇಳಿದರು, ಬೇರೆ ಆ್ಯಂಟಿಬಯಾಟಿಕ್ ಬರೆದರು. ಪಿರ್ಫೆನಿಡೋನ್ ಸದ್ಯಕ್ಕೆ ತಡೆದಿದ್ದಾರೆ. ಎಲ್‌ಎಫ್‌ಟಿಗೆ (ಲಿವರ್ ಪರೀಕ್ಷೆಗೆ) ರಕ್ತ ಕೊಟ್ಟು ಬಂದೆವು. ಬೀಡಿ ಬಿಟ್ಟಿದ್ದಕ್ಕೆ ಡೋಸು ಬದಲಿಸಬೇಕಾ ಅಂತ ಸೋಮವಾರ ನೋಡುತ್ತಾರಂತೆ. ಮೇಷ್ಟ್ರೇ, ತಿಂಡಿ ತಿಂದ ಮೇಲೇ.

ಹೊಳಲ್ಕೆರೆ_ಫಾರ್ಮಸಿ
ಒಳ್ಳೆಯದಾಯಿತು. ನಿಲ್ಲಿಸಿದ ತಾರೀಖು ಕ್ಯಾಲೆಂಡರ್ ಮೇಲೆ ಬರೆದಿಡಿ. ಬಿಟ್ಟಿದ್ದು 14 ದಿನದೊಳಗಾದರೆ ಹಳೆಯ ಡೋಸಿಗೇ ವಾಪಸ್ ಹೋಗಬಹುದು. 14 ಅಥವಾ ಅದಕ್ಕಿಂತ ಜಾಸ್ತಿ ಆದರೆ ಮೊದಲಿನಂತೆ ಸಣ್ಣ ಡೋಸಿನಿಂದ ವಾರ ವಾರಕ್ಕೆ ಏರಿಸಬೇಕು. ಲಿವರ್ ಪರೀಕ್ಷೆಯಲ್ಲಿ ಎಎಲ್‌ಟಿ, ಎಎಸ್‌ಟಿ ಎಷ್ಟು ಬಂತು ಅಂತ ಹಾಕಿ.

ಆಂಜನೇಯ_ಬಡಾವಣೆ
ಫಿಲ್ಟರ್ ಫೋಟೋ ಹಾಕಿದ್ದೇನೆ, ಮೇಷ್ಟ್ರು ನೋಡಿ.